ಬೀಗದ ಕೈ ಇನ್ನೂ ವಾಷಿಂಗ್ಟನ್ನಿನಲ್ಲೇ ಇದೆ ಸ್ವಾಮೀ!

"ಅಮೆರಿಕದ ಕಾಲ ಮುಗೀತು, ಜಗತ್ತು ಬಹುಧ್ರುವ ಆಯ್ತು" ಅಂತ ಬರೆಯುವ ಗೆಳೆಯರಿಗೆ ಒಂದೇ ಪ್ರಶ್ನೆ. ಐಎಂಎಫ್‌ನಲ್ಲಿ ಯಾರಿಗೆ ಎಷ್ಟು ವೋಟು ಅಂತ ಯಾವತ್ತಾದರೂ ನೋಡಿದ್ದೀರಾ?

ಅಲ್ಲಿ ದೇಶಕ್ಕೊಂದು ವೋಟಲ್ಲ. ಹೆಚ್ಚು ಕೋಟಾ ಇದ್ದವರಿಗೆ ಹೆಚ್ಚು ವೋಟು. ಕೋಟಾ ಬದಲಿಸುವಂಥ ದೊಡ್ಡ ತೀರ್ಮಾನಕ್ಕೆ ಶೇ. 85 ಮತ ಬೇಕು. ಅಮೆರಿಕದ ಕೈಯಲ್ಲಿರೋದು ಸುಮಾರು ಶೇ. 16.5. ಲೆಕ್ಕ ಹಾಕಿ... ಅದೊಂದು ಬೇಡ ಅಂದರೆ ಮಿಕ್ಕವರೆಲ್ಲ ಸೇರಿದರೂ 85 ಮುಟ್ಟೋಲ್ಲ! ಚೀನಾದ್ದು ಶೇ. 6ರ ಆಸುಪಾಸು, ನಮ್ಮದು 3ಕ್ಕೂ ಕಡಿಮೆ.

ಚೀನಾ, ಭಾರತಗಳ ಪಾಲು ಚೂರು ಏರಿಸೋಣ ಅಂತ 2010ರಲ್ಲಿ ಒಪ್ಪಿದರು. ಅಮೆರಿಕದ ಕಾಂಗ್ರೆಸ್ಸು (ಅಲ್ಲಿನ ಸಂಸತ್ತು, ನಮ್ಮ ಪಕ್ಷವಲ್ಲ) ಐದು ವರ್ಷ ಸತಾಯಿಸಿತು. ಜಾರಿಯಾದದ್ದು 2016ರ ಜನವರಿಯಲ್ಲಿ. 2023ರ ಡಿಸೆಂಬರಿನಲ್ಲಿ ಕೋಟಾ ಮತ್ತೆ ಶೇ. 50 ಏರಿಸಲು ತೀರ್ಮಾನವಾಯ್ತು, ಆದರೆ ಎಲ್ಲರದ್ದೂ ಇರುವ ಪ್ರಮಾಣದಲ್ಲೇ. ಅಂದರೆ ದುಡ್ಡು ಜಾಸ್ತಿ ಹಾಕಿ, ಮಾತು ಮೊದಲಿನಷ್ಟೇ ಆಡಿ!

"ಬ್ರಿಕ್ಸ್ ಬ್ಯಾಂಕ್ ಇದೆಯಲ್ಲ" ಅಂತೀರಿ. ಇದೆ, ಶಾಂಘೈನಲ್ಲಿ. 2015ರಲ್ಲಿ ಅದರ ಮೊದಲ ಅಧ್ಯಕ್ಷರಾದವರು ಮಂಗಳೂರಿನ ಕೆ. ವಿ. ಕಾಮತ್. ಹೆಮ್ಮೆಯೇ. ಆದರೆ ಅದು ಮುಖ್ಯವಾಗಿ ರಸ್ತೆ, ರೈಲು, ನೀರಿನ ಯೋಜನೆಗಳಿಗೆ ಸಾಲ ಕೊಡುವ ಬ್ಯಾಂಕು, ದಿವಾಳಿಯೆದ್ದ ದೇಶವನ್ನು ಎತ್ತಿ ನಿಲ್ಲಿಸೋಕಲ್ಲ.

2022ರಲ್ಲಿ ಶ್ರೀಲಂಕಾ ವಿದೇಶಿ ಸಾಲ ಕಟ್ಟೋಕಾಗಲ್ಲ ಅಂತ ಕೈಚೆಲ್ಲಿತು. ಚೀನಾ ಅದಕ್ಕೆ ಸಾಲ ಕೊಟ್ಟಿದ್ದ ದೊಡ್ಡಣ್ಣ, ಭಾರತವೂ ಆ ವರ್ಷ ಧಾರಾಳವಾಗೇ ನೆರವಾಯ್ತು. ಆದರೂ ಕೊನೆಗೆ ಹೋಗಿ ನಿಂತದ್ದು ಎಲ್ಲಿ? ಐಎಂಎಫ್ ಬಾಗಿಲಲ್ಲಿ. 2023ರ ಮಾರ್ಚಿನಲ್ಲಿ ಸುಮಾರು 300 ಕೋಟಿ ಡಾಲರ್ ಮಂಜೂರಾಯ್ತು... ತೆರಿಗೆ, ಕರೆಂಟ್ ದರ ಏರಿಸುವ ಷರತ್ತಿನ ಸಮೇತ.