ಕಾಂಡ್ಲಾ ಕಡಿದು ಫ್ಲಾಟು ಕೊಂಡವರು

ಮೊನ್ನೆ ಟ್ರೇನು ಮಾಹಿಮ್ ಖಾಡಿ ದಾಟುವಾಗ ಊರಿನ ಕಡೆಯ ಗೆಳೆಯರೊಬ್ಬರು ಹೊರಗೆ ಕೈತೋರಿಸಿ, "ಈ ಪೊದೆಗಳನ್ನೆಲ್ಲ ಕಡಿದರೆ ಸೊಳ್ಳೆಯಾದರೂ ಕಡಿಮೆಯಾದೀತು ಮಾರಾಯ್ರೆ" ಅಂದರು. ಇವರದ್ದು ಉಳ್ಳಾಲ. ಊರಲ್ಲಿ ಕಡಲು ಮನೆ ನುಂಗುತ್ತಿದೆ, ಸರಕಾರ ಬರೀ ಕಲ್ಲು ಸುರಿಯುತ್ತಿದೆ ಎಂದು ಪ್ರತಿ ಮಳೆಗಾಲ ಗೋಳಾಡುವವರೂ ಇವರೇ!

ಅದು ಪೊದೆಯಲ್ಲ ಸ್ವಾಮಿ, ಕಾಂಡ್ಲಾ. ಕುಂದಾಪುರ, ಕುಮಟಾ ಕಡೆಯವರಿಗೆ ಹೇಳಬೇಕಾಗಿಲ್ಲ. ಮರಾಠಿಯಲ್ಲೂ ಅದು ಕಾಂದಳವನವೇ. ಉಪ್ಪುನೀರಿನ ಕೆಸರಿನಿಂದ ಬೇರು ಮೇಲೆತ್ತಿ ಉಸಿರಾಡುವ ಗಿಡ. ಅಲೆಯ ರಭಸ ತಗ್ಗಿಸುತ್ತದೆ, ಮಣ್ಣು ಹಿಡಿಯುತ್ತದೆ, ಸಿಗಡಿ-ಮೀನಿನ ಮರಿಗಳನ್ನು ಸಾಕುತ್ತದೆ. ಉಬ್ಬರದ ನೀರು ಹರಡಿಕೊಳ್ಳುವುದೂ ಅಲ್ಲೇ.

2005ರ ಜುಲೈ 26 ಮರೆತೇಹೋಯಿತೇ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮಳೆ ಯಾರ ತಪ್ಪೂ ಅಲ್ಲ, ಒಪ್ಪಿದೆ. ಆದರೆ ಮೀಠಿ ನದಿಯ ಜೌಗು ತುಂಬಿಸಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಟ್ಟಿ, ವಿಮಾನ ನಿಲ್ದಾಣಕ್ಕಾಗಿ ನದಿಯನ್ನೇ ತಿರುಗಿಸಿದ ಮೇಲೆ ಆ ನೀರು ಎಲ್ಲಿಗೆ ಹೋಗಬೇಕಿತ್ತು? ಕುರ್ಲಾದ ಮನೆಗಳಿಗೇ ತಾನೆ? ಆ ರಾತ್ರಿ ಎದೆಮಟ್ಟದ ನೀರಲ್ಲಿ ಮನೆಗೆ ನಡೆದವರಲ್ಲಿ ನಾನೂ ಒಬ್ಬ.

ಕಾನೂನಿಲ್ಲವೇ ಅಂದರೆ, 1991ರಿಂದಲೇ ಇದೆ. ಹಳ್ಳಿಯ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಹೊಸದಾಗಿ ಕಟ್ಟುವಂತಿರಲಿಲ್ಲ. 2019ರಲ್ಲಿ, ಜನ ದಟ್ಟವಾಗಿರುವ ಕಡೆ ಅದನ್ನು 50 ಮೀಟರಿಗೆ ಇಳಿಸಿದರು. ಕಡಲೇನು ಹಿಂದೆ ಸರಿದಿತ್ತೇ? ಕಾಂಡ್ಲಾ ನಾಶ ಮಾಡುವುದು ನಾಗರಿಕರ ಮೂಲಭೂತ ಹಕ್ಕಿಗೇ ಧಕ್ಕೆ ಎಂದು 2018ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಆದರೆ ಸಾರ್ವಜನಿಕ ಹಿತ ಎಂಬ ಕಿಂಡಿ ಉಳಿಯಿತು. 2022ರಲ್ಲಿ ಬುಲೆಟ್ ಟ್ರೇನಿಗಾಗಿ ಸುಮಾರು 20 ಸಾವಿರ ಗಿಡ ಕಡಿಯಲು ಅದೇ ಕೋರ್ಟು ಅನುಮತಿ ಕೊಟ್ಟಿತು. ಬದಲಿಗೆ ಬೇರೆಡೆ ನೆಡುತ್ತಾರಂತೆ. ಉಬ್ಬರದ ನೀರಿಗೂ ಆ ಹೊಸ ವಿಳಾಸ ತಿಳಿಸುತ್ತಾರೋ ಏನೋ!

ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ ಬಿಡಿ. 1996ರಲ್ಲಿ ನಾನು ಫ್ಲಾಟು ಕೊಂಡಾಗ ಹಿಂದೆ ಖಾಡಿಯಿತ್ತು. ಯಾರೋ ಮೊದಲು ಬದು ಹಾಕಿ ಉಬ್ಬರದ ನೀರು ತಡೆದರು. ಗಿಡ ತಾನಾಗಿ ಒಣಗಿತು. ಆಮೇಲೆ ರಾತ್ರಿ ಹೊತ್ತು ಲಾರಿಗಳು ಬಂದು ಕಟ್ಟಡದ ಅವಶೇಷ ಸುರಿದವು. ಒಬ್ಬರೂ ದೂರು ಕೊಡಲಿಲ್ಲ. ಪಾರ್ಕಿಂಗಿಗೆ ಜಾಗವಾಯಿತೆಂದು ಸೊಸೈಟಿಯವರೆಲ್ಲ ಖುಷಿಪಟ್ಟೆವು. ನಾನೂ.

ಈಗ ಹುಣ್ಣಿಮೆ-ಅಮಾವಾಸ್ಯೆಗೆ ಜೋರು ಮಳೆ ಬಂದರೆ ಆ ಪಾರ್ಕಿಂಗಿನಲ್ಲಿ ಮೊಣಕಾಲು ನೀರು. ಕಳೆದ ತಿಂಗಳು ಹೊಸ ಪಂಪಿಗೆಂದು ಕಮಿಟಿ ಮನೆಮನೆಯಿಂದ ವಂತಿಗೆ ಎತ್ತಿತು. ಕೊಟ್ಟಿದ್ದೇನೆ.