ಹಲ್ಲುನೋವು ನಿಂತ ಮಾತ್ರಕ್ಕೆ ರೋಗ ನಿಂತಿತೆ?

ನೋವಿದ್ದರೆ ವ್ಯಾಧಿಯುಂಟು, ನೋವಡಗಿದರೆ ವ್ಯಾಧಿಯೂ ಅಡಗಿತು ಎಂಬ ಲೋಕರೂಢಿಯ ನಂಬಿಕೆಯು ಇತರ ರೋಗಗಳಲ್ಲಿ ಎಷ್ಟೋ ಮಟ್ಟಿಗೆ ಸಲ್ಲುವುದಾದರೂ, ಹುಳುಕು ಹಲ್ಲಿನ ವಿಷಯದಲ್ಲಿ ಅದು ಹೆಜ್ಜೆಹೆಜ್ಜೆಗೂ ಮನುಷ್ಯನನ್ನು ವಂಚಿಸುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯನ್ನು ಕುರಿತು ನಮ್ಮ ಜನರಲ್ಲಿರುವ ಉದಾಸೀನಕ್ಕೂ ಅರೆಮನಸ್ಸಿಗೂ ಈ ನಂಬಿಕೆಯೇ ಬಹುಮಟ್ಟಿಗೆ ಕಾರಣವೆಂದು ನನ್ನ ದೃಢವಾದ ಅಭಿಪ್ರಾಯ.

ತಿಂದ ಸಕ್ಕರೆಯನ್ನು ಬಾಯಿಯ ಸೂಕ್ಷ್ಮಾಣುಗಳು ಆಮ್ಲವಾಗಿ ಮಾರ್ಪಡಿಸಿ, ಆ ಆಮ್ಲವು ಹಲ್ಲಿನ ಮೇಲುಹೊದಿಕೆಯಾದ ಎನಾಮಲನ್ನು ಕರಗಿಸುತ್ತ ಬರುವಾಗ, ಅದರಲ್ಲಿ ನರವೇ ಇಲ್ಲದ ಕಾರಣ, ನಮಗೆ ಏನೂ ತಿಳಿಯುವುದಿಲ್ಲ. ಹುಳುಕು ಒಳಪದರವನ್ನು ಮುಟ್ಟಿದ ಮೇಲೆ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ಅದನ್ನೂ ಅಲಕ್ಷಿಸಿದರೆ, ರಕ್ತನಾಳಗಳೂ ನರತಂತುಗಳೂ ತುಂಬಿರುವ ಮಜ್ಜೆಗೆ ಸೋಂಕು ತಗಲುತ್ತದೆ. ಬೆರಳಿಗೆ ಪೆಟ್ಟಾದರೆ ಊದಿಕೊಳ್ಳಲು ಎಡೆಯುಂಟು. ಗಟ್ಟಿಗೋಡೆಗಳ ನಡುವೆ ಸಿಕ್ಕಿಬಿದ್ದ ಮಜ್ಜೆಗೆ ಆ ಎಡೆಯಿಲ್ಲವಾದ್ದರಿಂದ ಒಳಗೊಳಗೇ ಒತ್ತಡವೇರಿ, ತಲೆದಿಂಬಿಗೆ ತಲೆಯಿಟ್ಟೊಡನೆ ಸಿಡಿಯತೊಡಗುವ ದಾರುಣ ಯಾತನೆ ಹುಟ್ಟುತ್ತದೆ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಒತ್ತಿಕೊಂಡು, ಔಷಧದ ಅಂಗಡಿಯ ಮಾತ್ರೆಗಳನ್ನು ನುಂಗಿ ಇರುಳುಗಳನ್ನು ನೂಕಿದವರಿಗೆ, ಒಂದು ದಿನ ಆ ನೋವು ತಾನಾಗಿಯೇ ನಿಂತುಬಿಡುವುದುಂಟು. ವಾಸಿಯಾಯಿತೆಂದು ಮನೆಮಂದಿಯೆಲ್ಲ ನಿಟ್ಟುಸಿರುಬಿಡುತ್ತಾರೆ. ಆದರೆ ಆಗ ಸತ್ತಿರುವುದು ರೋಗವಲ್ಲ, ಅದರ ಸುದ್ದಿಯನ್ನು ತರುತ್ತಿದ್ದ ನರ. ನಿರ್ಜೀವವಾದ ಮಜ್ಜೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಾಣುಗಳ ಪ್ರಭಾವ ಬೇರಿನ ತುದಿಯನ್ನು ದಾಟಿ ದವಡೆಯ ಮೂಳೆಯನ್ನು ಸವೆಸುತ್ತಿರುತ್ತದೆ. ಎಕ್ಸ್-ರೇಯಲ್ಲಿ ಬೇರಿನ ತುದಿಗೆ ತೂಗುಬಿದ್ದಂತೆ ತೋರುವ ಕಪ್ಪು ಛಾಯೆ ಅದರ ಕುರುಹು. ತಿಂಗಳುಗಳ ಅನಂತರ ಒಸಡಿನ ಮೇಲೆ ಕೀವುಗುಳ್ಳೆಯಾಗಿಯೋ ಕೆನ್ನೆಯ ಬಾವಾಗಿಯೋ ಅದು ಹೊರಬೀಳಬಹುದು.

ಈ ಕೇಡಿನ ಮೂಲವನ್ನು 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಸ್ಪಷ್ಟಪಡಿಸಿತು. ಹಲ್ಲಿನ ಮಜ್ಜೆಯನ್ನು ತೆರೆದುಬಿಟ್ಟಾಗ ಸಾಮಾನ್ಯ ಇಲಿಗಳಲ್ಲಿ ಅದು ಕೊಳೆತುಹೋಯಿತು. ಸೂಕ್ಷ್ಮಾಣುರಹಿತವಾದ ಪರಿಸರದಲ್ಲಿ ಬೆಳೆಸಿದ ಇಲಿಗಳಲ್ಲಾದರೋ ಅದು ಬದುಕಿ, ಗಾಯ ಮಾಯ್ದುಕೊಂಡಿತು. ಅಂದ ಮೇಲೆ ರೂಟ್ ಕೆನಾಲ್ ಕೇವಲ ನೋವು ಕಳೆಯುವ ಉಪಾಯವಲ್ಲ, ಸೂಕ್ಷ್ಮಾಣುಗಳನ್ನು ಹೊರಹಾಕಿ ಅವು ಮರಳದಂತೆ ಬಾಗಿಲು ಮುಚ್ಚುವ ಶುದ್ಧೀಕರಣ ಕಾರ್ಯ.

ಆ ಕಾರ್ಯದ ಸೂಕ್ಷ್ಮತೆ ಗೌರವಕ್ಕೆ ಪಾತ್ರವಾದದ್ದು. ಮೇಲಿನ ಮೊದಲನೆಯ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರುಗಳಿದ್ದರೂ ಅವುಗಳಲ್ಲಿ ಬಹುವೇಳೆ ನಾಲ್ಕು ನಾಳಗಳಿರುತ್ತವೆ. ಆ ನಾಲ್ಕನೆಯದನ್ನು ಕಾಣದೆ ಬಿಟ್ಟರೆ ಸೋಂಕು ಅಲ್ಲಿಯೇ ಉಳಿಯುತ್ತದೆ. ಅರಿವಳಿಕೆಯ ಚುಚ್ಚುಮದ್ದು ಕೊಟ್ಟು, ಉಗುಳು ಸೋಕದಂತೆ ಹಲ್ಲಿನ ಸುತ್ತ ರಬ್ಬರಿನ ಹಾಳೆಯನ್ನು ಬಿಗಿದು, ತುದಿಯಲ್ಲಿ 0.10 ಮಿಲಿಮೀಟರಿನಷ್ಟೇ ದಪ್ಪವಿರುವ ಫೈಲನ್ನು ನಾಳದೊಳಗೆ ಇಳಿಸಿ, ಕ್ರಮವಾಗಿ ಅದಕ್ಕಿಂತ ದಪ್ಪನೆಯವುಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆಮತ್ತೆ ತೊಳೆದು, ಕೊನೆಗೆ ಮಲಯ ಪ್ರದೇಶದ ಮರವೊಂದರ ಹಾಲಿನಿಂದ ದೊರೆಯುವ ಗಟಾಪರ್ಚಾ ಎಂಬ ವಸ್ತುವನ್ನು ತುಂಬಿ ಮುಚ್ಚುವುದು ಈ ಚಿಕಿತ್ಸೆಯ ಕ್ರಮ.

ಇಲ್ಲಿಯೂ ನೋವಿನ ಮಾತನ್ನೇ ನಂಬಿದವರು ಕೆಡುತ್ತಾರೆ. ಮೊದಲ ಭೇಟಿಯಲ್ಲೇ ನೋವು ಇಳಿಯಿತೆಂದು ಎರಡನೆಯ ಭೇಟಿಗೆ ಹೋಗದವರ ಹಲ್ಲಿನ ತಾತ್ಕಾಲಿಕ ಮುಚ್ಚಳ ಸವೆದು, ಸೂಕ್ಷ್ಮಾಣುಗಳು ಮರಳಿ ಒಳಹೊಗುತ್ತವೆ. ಚಿಕಿತ್ಸೆ ಮುಗಿದರೂ ಖರ್ಚಿಗೆ ಹಿಂಜರಿದು ಕ್ಯಾಪ್ ಹಾಕಿಸಿಕೊಳ್ಳದವರ ದವಡೆಹಲ್ಲು, ಆಗಲೇ ಬಹುಭಾಗ ಕಳೆದುಕೊಂಡದ್ದಾದ ಕಾರಣ, ಚಕ್ಕುಲಿಯನ್ನು ಕಡಿಯುವಾಗ ಸೀಳಿಹೋಗಬಹುದು. ಮಜ್ಜೆ ತೆಗೆದ ಹಲ್ಲಿಗೆ ಹೊಸದಾಗಿ ಹುಳುಕು ಹಿಡಿದರೆ ಅದು ಜುಮ್ಮೆಂದು ಎಚ್ಚರಿಸಲಾರದು. ಆದಕಾರಣ ವೈದ್ಯರು ಆಗಾಗ ಪರೀಕ್ಷಿಸುವುದೇ ಅದಕ್ಕೆ ರಕ್ಷೆ.

ಎಲ್ಲ ಹಲ್ಲುಗಳನ್ನೂ ಉಳಿಸಲಾಗದು; ಬೇರು ಉದ್ದಕ್ಕೆ ಸೀಳಿದ್ದರೆ ಕೀಳಿಸುವುದೇ ಯುಕ್ತ, ಪ್ರಾಮಾಣಿಕ ವೈದ್ಯರು ಹಾಗೆಂದು ಹೇಳಿಯೇ ಹೇಳುತ್ತಾರೆ. ಆದರೆ ಉಳಿಸಬಹುದಾದ ಹಲ್ಲನ್ನು ಅಗ್ಗವೆಂಬ ಒಂದೇ ಕಾರಣಕ್ಕೆ ಕೀಳಿಸಿದರೆ, ಪಕ್ಕದ ಹಲ್ಲುಗಳು ಆ ತೆರಪಿನತ್ತ ವಾಲಿ, ಎದುರಿನದು ಜಾರಿ, ಅಗಿಯುವ ವ್ಯವಸ್ಥೆಯೇ ಕೆಡಬಹುದು. ಕೃತಕ ದಂತದ ವೆಚ್ಚ ಆಮೇಲೆ ಬೇರೆ.

ಬಡವನ ಹಲ್ಲು ಕೀಳಲು ತಕ್ಕದ್ದು, ಸಿರಿವಂತನದು ಉಳಿಸಲು ತಕ್ಕದ್ದು ಎಂಬ ಭೇದ ನಾಗರಿಕ ಸಮಾಜಕ್ಕೆ ಶೋಭಿಸದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹಲ್ಲು ಕೀಳುವ ಏರ್ಪಾಡಿರುವ ಕಡೆಯೆಲ್ಲ ಕ್ಯಾಪ್ ಸಹಿತವಾದ ಪೂರ್ಣ ಚಿಕಿತ್ಸೆಯೂ ದೊರೆಯಬೇಕು. ವೈದ್ಯರು ಎಕ್ಸ್-ರೇಯನ್ನು ರೋಗಿಯ ಕೈಗಿತ್ತು, ಆ ಕಪ್ಪು ಛಾಯೆಯ ಅರ್ಥವನ್ನು ತಿಳಿಗನ್ನಡದಲ್ಲಿ ವಿವರಿಸಬೇಕು. ರೋಗಿಯಾದವನು ನೋವು ಹೋಯಿತೇ ಎಂದಲ್ಲ, ಚಿಕಿತ್ಸೆ ಮುಗಿಯಿತೇ ಎಂದು ಕೇಳುವುದನ್ನು ಕಲಿಯಬೇಕು.