ಮರಿ ತರೋ ಮುಂಚೆ ತಾಯಿನ ನೋಡಿ
“35 ದಿನದ ಮರಿ ಮೇಡಂ, ಈಗ್ಲೇ ತಗೊಂಡ್ರೆ ಬೇಗ ಹೊಂದ್ಕೊಳುತ್ತೆ” ಅಂದಿದ್ದರು ಮಾರಿದವರು. ಆ ಲ್ಯಾಬ್ರಡಾರ್ ಮರಿಯ ಮುಖ ನೋಡಿ ನಾನೂ ಕರಗಿಬಿಟ್ಟೆ. ಮನೆಗೆ ಬಂದ ಚಿನ್ನು ರಾತ್ರಿಯಿಡೀ ಕುಂಯ್‌ಗುಟ್ಟಿತು. ಎರಡು ತಿಂಗಳಾದರೂ ಆಟಕ್ಕೆ ಕಚ್ಚಿದರೆ ಕೈಯಲ್ಲಿ ರಕ್ತ. ಟ್ರೈನರ್ ಕೇಳಿದ ಮೊದಲ ಪ್ರಶ್ನೆಯೇ, “ತಾಯಿ ಜೊತೆ ಎಷ್ಟು ದಿನ ಇತ್ತು?”

ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ನೋವು ಅಂತ ಮರಿಗೆ ಕಲಿಸೋದು ತಾಯಿ ಮತ್ತು ಒಡಹುಟ್ಟಿದ ಮರಿಗಳು. ಜೋರಾಗಿ ಕಚ್ಚಿದರೆ ಅವು ಕಿರುಚಿ ಆಟ ನಿಲ್ಲಿಸುತ್ತವೆ. ಆ ಪಾಠ ಮುಗಿಯೋ ಮೊದಲೇ ನಾನು ಎತ್ತಿಕೊಂಡು ಬಂದಿದ್ದೆ.

ನಾಯಿ ಸಾಕಣೆ, ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ 5 ದಾಟಬಾರದು.

ಈಗ ಚಿನ್ನು ಕಚ್ಚಿದ ತಕ್ಷಣ ಆಟ ನಿಲ್ಲಿಸಿ ಎದ್ದುಬಿಡ್ತೀನಿ. ನಿಧಾನಕ್ಕೆ ಸರಿಹೋಗ್ತಿದೆ. ಆದರೆ ಅವಳ ಅಮ್ಮ? ನಾನು ಆಕೆಯನ್ನು ನೋಡಲೇ ಇಲ್ಲ. ನಾನು ಕೊಟ್ಟ ದುಡ್ಡೇ ಆಕೆಯ ಮುಂದಿನ ಸೂಲಿಗೆ ಕಾರಣವಾಯ್ತೇನೋ.

ನೀವು ಮರಿ ನೋಡೋಕೆ ಹೋದರೆ ರೇಟಿಗೆ ಮುಂಚೆ “ತಾಯಿ ಎಲ್ಲಿ?” ಅಂತ ಕೇಳಿ. ತೋರಿಸದಿದ್ದರೆ ಬರಿಗೈಲಿ ವಾಪಸ್ ಬನ್ನಿ.